ಕೋಟೆ ಬಿತ್ತು, ತೋಟ ಉಳಿಯಿತು

ಏಪ್ರಿಲ್ ತಿಂಗಳಲ್ಲಿ ಗಂಗಾವತಿಯಿಂದ ಆನೆಗೊಂದಿಗೆ ಹೋಗುವ ರಸ್ತೆ ಬೆಳಗಿನ ಹತ್ತು ಗಂಟೆಗೆಲ್ಲ ಕಾದಿರುತ್ತದೆ. ಎರಡೂ ಬದಿಗೆ ಒಂದರ ಮೇಲೊಂದು ಕೂತ ಹೆಬ್ಬಂಡೆಗಳು. ಗಾಳಿ ಬೀಸಿದರೂ ಆ ಬಂಡೆಗಳ ಕಾವನ್ನೇ ಹೊತ್ತು ತರುತ್ತದೆ. ಅಂಥ ಹೊತ್ತಿನಲ್ಲಿ ರಸ್ತೆ ಬಿಟ್ಟು ನದಿಯ ಕಡೆಗಿನ ಕಾಲುದಾರಿ ಹಿಡಿದರೆ ಸ್ವಲ್ಪ ದೂರದಲ್ಲೇ ಹವೆ ಬದಲಾಗುತ್ತದೆ. ಮೊದಲು ಮೂಗಿಗೆ ಹಸಿಮಣ್ಣಿನ ವಾಸನೆ, ಅದರೊಳಗೆ ಬೆರೆತ ಕೊಳೆತ ಬಾಳೆಯೆಲೆಯ ಸಿಹಿ ಹುಳಿ. ಆಮೇಲೆ ಕಿವಿಗೆ, ಒಣಗಿದ ಎಲೆಗಳು ಒಂದಕ್ಕೊಂದು ಉಜ್ಜುವ ಸರಸರ ಸದ್ದು. ಕಣ್ಣಿಗೆ ನೀರು ಬೀಳುವುದು ಎಲ್ಲಕ್ಕಿಂತ ಕೊನೆಗೆ. ಮಾರುದ್ದ ಅಗಲದ ಕಾಲುವೆ, ಒಂದು ಕಡೆ ಬಂಡೆಯ ಮೈಯನ್ನೇ ದಡ ಮಾಡಿಕೊಂಡು, ಇನ್ನೊಂದು ಕಡೆ ಮಣ್ಣಿನ ಏರಿ ಕಟ್ಟಿಕೊಂಡು, ಅವಸರವಿಲ್ಲದೆ ಹರಿಯುತ್ತಿರುತ್ತದೆ. ದಡದಲ್ಲಿ ತೆಂಗು, ಅದರಾಚೆ ಬಾಳೆ, ಬಾಳೆಯಾಚೆ ಮತ್ತೆ ಬಂಡೆ.

ಕೊಪ್ಪಳ ಜಿಲ್ಲೆಯಲ್ಲಿ ನೋಡುವಂಥ ಉದ್ಯಾನ ಯಾವುದು ಎಂದು ಕೇಳಿದರೆ ಹೆಚ್ಚಿನವರು ಮುನಿರಾಬಾದಿನ ಪಂಪಾವನದ ಹೆಸರು ಹೇಳುತ್ತಾರೆ. ತುಂಗಭದ್ರಾ ಅಣೆಕಟ್ಟೆಯ ಎಡದಂಡೆಯಲ್ಲಿರುವ ಆ ಉದ್ಯಾನ ಚೆನ್ನಾಗಿಯೇ ಇದೆ. ರಜೆ ಬಂತೆಂದರೆ ಮಕ್ಕಳು ಮರಿಗಳೊಂದಿಗೆ ಜನ ಬುತ್ತಿ ಕಟ್ಟಿಕೊಂಡು ಅಲ್ಲಿಗೆ ಹೋಗುತ್ತಾರೆ. ಆದರೆ ಈ ಜಿಲ್ಲೆಯ ನಿಜವಾದ ಹಳೆಯ ಉದ್ಯಾನಕ್ಕೆ ಗೇಟೂ ಇಲ್ಲ, ಟಿಕೆಟ್ಟೂ ಇಲ್ಲ. ಹುಲಿಗಿಯಿಂದ ಶಿವಪುರ, ಸಾಣಾಪುರ, ಆನೆಗೊಂದಿ ದಾಟಿ ಗಂಗಾವತಿಯ ಸೀಮೆಯವರೆಗೆ ತುಂಗಭದ್ರೆಯ ಎಡದಂಡೆಗೆ ಅಂಟಿಕೊಂಡಿರುವ ತೋಟಗಳ ಪಟ್ಟಿಯೇ ಆ ಉದ್ಯಾನ. ಅದನ್ನು ನೆಟ್ಟವರು ವಿಜಯನಗರದವರು, ಇಂದಿಗೂ ನಡೆಸುತ್ತಿರುವವರು ರೈತರು.

ಈ ತೋಟಗಳಿಗೆ ನೀರುಣಿಸುವ ಕಾಲುವೆಗಳ ಹೆಸರುಗಳನ್ನು ನೀರಾವರಿ ಇಲಾಖೆಯ ಕಡತಗಳಲ್ಲಿ ಇವತ್ತಿಗೂ ನೋಡಬಹುದು: ಹುಲಿಗಿ ಕಾಲುವೆ, ಶಿವಪುರ ಕಾಲುವೆ, ಆನೆಗೊಂದಿ ಕಾಲುವೆ, ಮೇಲಿನ ಗಂಗಾವತಿ ಕಾಲುವೆ, ಕೆಳಗಿನ ಗಂಗಾವತಿ ಕಾಲುವೆ. ನದಿಯಾಚೆ ಬಲದಂಡೆಯಲ್ಲಿ ರಾಯ, ಬಸವಣ್ಣ, ತುರ್ತಾ, ರಾಮಸಾಗರ, ಕಂಪ್ಲಿ ಮೊದಲಾದವು. ಎಲ್ಲವನ್ನೂ ಸೇರಿಸಿ ‘ವಿಜಯನಗರ ಕಾಲುವೆಗಳು’ ಎನ್ನುತ್ತಾರೆ. ಇಲಾಖೆಯ ಮಟ್ಟಿಗೆ ಅದು ಬರೀ ಒಂದು ವಿಭಾಗದ ಹೆಸರು. ಇತಿಹಾಸದ ಮಟ್ಟಿಗೆ ಅದು ಹಂಪೆಯ ಕಲ್ಲಿನ ರಥದಷ್ಟೇ ದೊಡ್ಡ ಸಂಗತಿ.

ವಿಜಯನಗರ ತೋಟಗಳ ನಗರವಾಗಿತ್ತು ಎಂಬುದಕ್ಕೆ ಹೊರಗಿನಿಂದ ಬಂದವರ ಸಾಕ್ಷಿ ಸಾಕಷ್ಟಿದೆ. 1443ರಲ್ಲಿ ಹೆರಾತಿನ ಅರಸ ಶಾರುಖನ ರಾಯಭಾರಿಯಾಗಿ ಬಂದ ಅಬ್ದುರ್ ರಜಾಕ್ ಏಳು ಸುತ್ತಿನ ಕೋಟೆಯನ್ನು ದಾಟಿ ಒಳಗೆ ಹೋದ. ಹೊರಗಿನ ಸುತ್ತುಗಳ ನಡುವೆ ಅವನಿಗೆ ಕಂಡದ್ದು ಹೊಲ, ತೋಟ, ಮನೆ. ಒಳಗೆ ಅರಮನೆಯ ಆಸುಪಾಸಿನಲ್ಲಿ ನಯಗೊಳಿಸಿದ ಕಲ್ಲಿನ ಕಿರುಗಾಲುವೆಗಳಲ್ಲಿ ನೀರು ಹರಿಯುತ್ತಿತ್ತು. ಇಲ್ಲಿಯ ಜನಕ್ಕೆ ಗುಲಾಬಿ ಊಟದಷ್ಟೇ ಅಗತ್ಯ, ಹೂವಿಲ್ಲದೆ ಇವರು ಬದುಕಲಾರರು ಎಂದು ಅವನು ಅಚ್ಚರಿಯಿಂದ ಬರೆದಿಟ್ಟ. ಗುಲಾಬಿ ತೋಟಗಳಿಗೆ ಹೆಸರಾದ ಪರ್ಷಿಯನ್ ಸೀಮೆಯಿಂದ ಬಂದವನು ಹೀಗೆ ಬೆರಗಾಗಬೇಕಾದರೆ ಆ ಹೂವಿನ ಪೇಟೆ ಎಷ್ಟು ತುಂಬಿತ್ತೆಂದು ಊಹಿಸಬಹುದು. ಆ ಹೂವು ದೂರದಿಂದ ಬಂದದ್ದಾಗಿರಲಾರದು. ಕಿತ್ತ ಹೂವು ಈ ಬಿಸಿಲಲ್ಲಿ ಒಂದು ದಿನ ತಡೆದರೆ ಹೆಚ್ಚು.

ಸುಮಾರು 1520ರಲ್ಲಿ, ಕೃಷ್ಣದೇವರಾಯನ ಕಾಲದಲ್ಲಿ ಬಂದ ಪೋರ್ಚುಗೀಸ ಡೊಮಿಂಗೊ ಪಾಯಸ್ ಮರಗಳ ಹೆಸರನ್ನೇ ಹೇಳುತ್ತಾನೆ: ಮಾವು, ಅಡಿಕೆ, ಹಲಸು, ನಿಂಬೆ, ಕಿತ್ತಳೆ. ಒಂದಕ್ಕೊಂದು ಒತ್ತಿಕೊಂಡು ಬೆಳೆದು ದಟ್ಟ ಕಾಡಿನಂತೆ ಕಾಣುತ್ತವೆ ಎನ್ನುತ್ತಾನೆ. ಬಿಳಿ ದ್ರಾಕ್ಷಿಯೂ ಇತ್ತಂತೆ. ಅವನೇ ಆನೆಗೊಂದಿಯನ್ನೂ ಹೆಸರಿಸಿದ್ದಾನೆ. ಹಿಂದೆ ಅದೇ ರಾಜಧಾನಿಯಾಗಿತ್ತು, ಒಳ್ಳೆಯ ಕೋಟೆಗೋಡೆಗಳಿವೆ, ಈಗ ಅಲ್ಲಿರುವ ಜನ ಸ್ವಲ್ಪ ಎಂದು ಬರೆಯುತ್ತಾನೆ. ಜನ ನದಿ ದಾಟುತ್ತಿದ್ದುದು ಬಿದಿರಿನಂಥ ಕಡ್ಡಿಗಳಿಂದ ಹೆಣೆದು ಹೊರಗೆ ತೊಗಲು ಹೊದಿಸಿದ ದುಂಡನೆಯ ದೋಣಿಗಳಲ್ಲಿ. ಹದಿನೈದು ಇಪ್ಪತ್ತು ಮಂದಿ ಒಮ್ಮೆಗೆ ಕೂರುತ್ತಿದ್ದರು, ಬೇಕಾದರೆ ಕುದುರೆ ಎತ್ತುಗಳನ್ನೂ ಸಾಗಿಸುತ್ತಿದ್ದರು. ಆ ಹರಿಗೋಲು ಇವತ್ತಿಗೂ ಸಾಣಾಪುರದಲ್ಲಿ, ತಳವಾರಘಟ್ಟದಲ್ಲಿ ತಿರುಗುತ್ತದೆ. ತೊಗಲಿನ ಬದಲು ಪ್ಲಾಸ್ಟಿಕ್ ಹಾಳೆಗೆ ಡಾಂಬರು ಬಳಿಯುತ್ತಾರೆ ಎನ್ನುವುದಷ್ಟೇ ವ್ಯತ್ಯಾಸ.

ಎಲ್ಲಕ್ಕಿಂತ ಬೆಲೆಬಾಳುವ ಸಾಕ್ಷಿ ಫೆರ್ನಾವ್ ನೂನಿಜ್‌ನದು. 1535ರ ಹೊತ್ತಿಗೆ ಇಲ್ಲಿದ್ದ ಈ ಕುದುರೆ ವ್ಯಾಪಾರಿ ತನಗಿಂತ ನೂರು ವರ್ಷ ಹಿಂದಿನ ಕಥೆಯನ್ನು ಜನರಿಂದ ಕೇಳಿ ಬರೆದುಕೊಂಡ. ಅವನು ಹೇಳುವ ಅರಸ ಒಂದನೆಯ ದೇವರಾಯನಿರಬೇಕೆಂದು ಇತಿಹಾಸಕಾರರು ಗುರುತಿಸುತ್ತಾರೆ. ನಗರ ಬೆಳೆಯಬೇಕಾದರೆ ನದಿ ಒಳಗೆ ಬರಬೇಕೆಂದು ಆ ಅರಸ ನಿಶ್ಚಯಿಸಿದ. ದೊಡ್ಡ ದೊಡ್ಡ ಬಂಡೆಗಳನ್ನು ಹೊಳೆಗೆ ಉರುಳಿಸಿ ಅಣೆ ಕಟ್ಟಿಸಿದ. ಅವುಗಳಲ್ಲೊಂದನ್ನು ಆನೆಗಳಿಂದ ಎಳೆಸಬೇಕಾಯಿತು. ಆ ನೀರಿನಿಂದ ನಗರದ ಸುತ್ತ ತೋಟ, ತೋಪು, ದ್ರಾಕ್ಷಿ, ನಿಂಬೆ, ಕಿತ್ತಳೆ, ಗುಲಾಬಿ ಎದ್ದವು, ರಾಜ್ಯದ ಆದಾಯ ಆ ಕಾಲದ ನಾಣ್ಯದಲ್ಲಿ 3,50,000 ಪರ್ದಾವ್‌ಗಿಂತ ಹೆಚ್ಚು ಏರಿತು ಎಂದು ನೂನಿಜ್ ಲೆಕ್ಕ ಕೊಡುತ್ತಾನೆ. ಜೊತೆಗೆ ಇನ್ನೊಂದು ಮಾತು ಸೇರಿಸುತ್ತಾನೆ: ತಂದೆಯಿಂದ ಬಂದ ಬೊಕ್ಕಸವನ್ನೆಲ್ಲ ಅರಸ ಈ ಒಂದು ಕೆಲಸಕ್ಕೆ ಸುರಿದನಂತೆ.

ತೋಟವೆಂದರೆ ರಾಜರ ಸೊಗಸು, ವಿಹಾರ ಎಂದುಕೊಳ್ಳುವವರು ಈ ಮಾತನ್ನು ಗಮನಿಸಬೇಕು. ಇಲ್ಲಿ ತೋಟ ರಾಜ್ಯದ ಬಂಡವಾಳವಾಗಿತ್ತು. ಮಳೆ ವರ್ಷಕ್ಕೆ 600 ಮಿಲಿಮೀಟರ್ ಮುಟ್ಟುವುದೂ ಕಷ್ಟವಾದ, ಕಲ್ಲೇ ಹೆಚ್ಚು ಮಣ್ಣೇ ಕಡಿಮೆಯಾದ ಜಾಗದಲ್ಲಿ ಲಕ್ಷಗಟ್ಟಲೆ ಜನರ ನಗರವನ್ನು ಸಾಕಬೇಕಿತ್ತು. ಹೂವು, ಎಲೆ, ಅಡಿಕೆ, ಹಣ್ಣು, ತರಕಾರಿ ಎಲ್ಲವೂ ದಿನವೂ ಬೇಕಿತ್ತು. 1521ರಲ್ಲಿ ಕೃಷ್ಣದೇವರಾಯ ಕೊರ್ರಗಲ್ಲಿನ ಅಣೆಯನ್ನೂ ಬಸವಣ್ಣ ಕಾಲುವೆಯನ್ನೂ ಕಟ್ಟಿಸಿದನೆಂದು, ಪಾಯಸ್ ಮತ್ತು ನೂನಿಜ್‌ರ ಬರಹಗಳನ್ನು 1900ರಲ್ಲಿ ಇಂಗ್ಲಿಷಿಗೆ ತಂದ ರಾಬರ್ಟ್ ಸೀವೆಲ್ ದಾಖಲಿಸಿದ್ದಾನೆ. ಯುದ್ಧಗಳ ಬೆನ್ನಿಗೇ ಇಂಥ ಕಾಮಗಾರಿಗಳೂ ನಡೆಯುತ್ತಿದ್ದವು.

ಅಣೆಯನ್ನು ಹತ್ತಿರ ಹೋಗಿ ನೋಡಬೇಕು. ಸಾಣಾಪುರದ ಕಡೆ ಹೊಳೆ ಇಳಿದಿರುವ ತಿಂಗಳುಗಳಲ್ಲಿ ದಡದ ಬಂಡೆ ಹತ್ತಿ ನಿಂತರೆ ನದಿಗೆ ಅಡ್ಡಲಾಗಿ ಕಪ್ಪಗಿನ ಒಂದು ಗೆರೆ ಕಾಣುತ್ತದೆ. ಗೆರೆ ನೆಟ್ಟಗಿಲ್ಲ. ಹೊಳೆಯ ನಡುವೆ ತಾನಾಗಿ ಎದ್ದುನಿಂತ ಬಂಡೆಯಿಂದ ಬಂಡೆಗೆ, ಅಲ್ಲಿಂದ ಇನ್ನೊಂದಕ್ಕೆ, ಸೊಟ್ಟಗೆ ಅಂಕುಡೊಂಕಾಗಿ ಹೋಗುತ್ತದೆ. ಪ್ರಕೃತಿ ಬಿಟ್ಟ ಸಂದುಗಳನ್ನು ಮಾತ್ರ ಮನುಷ್ಯ ತುಂಬಿದ್ದಾನೆ. ಆಳೆತ್ತರದ ಕಲ್ಲುಗಳನ್ನು ಗಾರೆಯಿಲ್ಲದೆ ಒಂದಕ್ಕೊಂದು ಸಿಕ್ಕಿಸಿ, ನಡುವಿನ ಕಿಂಡಿಗಳಿಗೆ ಚಿಕ್ಕ ಕಲ್ಲು ತುರುಕಿದ್ದಾರೆ. ಕೆಲವು ಕಲ್ಲುಗಳ ಅಂಚಿನಲ್ಲಿ ಉಳಿಯಿಂದ ಸಾಲಾಗಿ ಕೊರೆದ ಬೆಣೆಗುಳಿಗಳ ಗುರುತು ಬೆರಳಿಗೆ ಸಿಗುತ್ತದೆ. ಪಾಚಿ ಬೆಳೆದ ಆ ಹಲ್ಲುಹಲ್ಲಿನ ಅಂಚನ್ನು ಸವರಿದವರಿಗೆ ಒಡ್ಡರ ಕೆಲಸ ನಿನ್ನೆ ಮೊನ್ನೆಯದೇನೋ ಅನ್ನಿಸಬೇಕು. ಅಣೆಯ ಮೈತುಂಬ ನೀರು ಸೋರುತ್ತದೆ. ಅದು ಸೋರಲೆಂದೇ ಇರುವುದು. ಹೊಳೆಯನ್ನು ಪೂರ್ತಿ ತಡೆಯುವ ಉದ್ದೇಶ ಕಟ್ಟಿದವರಿಗಿರಲಿಲ್ಲ. ಕಾಲುವೆಯ ಬಾಯಿಗೆ ಏರುವಷ್ಟು ಮಟ್ಟ ಎತ್ತಿದರೆ ಸಾಕು. ಉಳಿದದ್ದು ಕೆಳಗಿನ ಊರಿಗೆ, ಮೀನಿಗೆ, ಮುಂದಿನ ಅಣೆಗೆ. ಪ್ರವಾಹ ಬಂದಾಗ ನೀರು ಮೇಲೆಯೇ ಉಕ್ಕಿ ಹೋಗುತ್ತದೆ. ಒಂದೆರಡು ಕಲ್ಲು ಕದಲಿದರೆ ಬೇಸಿಗೆಯಲ್ಲಿ ಸರಿಪಡಿಸುತ್ತಾರೆ.

ಅಣೆಯಿಂದ ಹೊರಟ ಕಾಲುವೆಯ ಜಾಣತನವೂ ಅಂಥದೇ. ಎದುರಿಗೆ ಗುಡ್ಡ ಬಂದರೆ ಸುತ್ತುತ್ತದೆ, ತಗ್ಗು ಬಂದರೆ ಏರಿ ಕಟ್ಟಿಕೊಳ್ಳುತ್ತದೆ. ಹಳ್ಳ ಬಂದಲ್ಲಿ ಕಲ್ಲುಕಂಬಗಳ ಮೇಲೆ ಮೇಲ್ಗಾಲುವೆ. ವಿರೂಪಾಪುರ ಗಡ್ಡೆಯ ಬಳಿ ಬುಕ್ಕನ ಹೆಸರಿನಿಂದ ಕರೆಯುವ ಅಂಥದೊಂದು ಮೇಲ್ಗಾಲುವೆಯ ಕಂಬಗಳು ಇಂದಿಗೂ ಹೊಳೆಯೊಳಗೆ ಸಾಲುಗಟ್ಟಿ ನಿಂತಿವೆ. ಕಾಲುವೆಯಿಂದ ತೂಬು, ತೂಬಿನಿಂದ ಹಿರಿಗಾಲುವೆ ಕಿರಿಗಾಲುವೆ, ಕೊನೆಗೆ ಬಾಳೆಯ ಬುಡದ ಪಾತಿ. ನೀರು ಬಿಡುವ ಸರದಿಯ ದಿನ ತೋಟದವನು ಸಲಿಕೆಯಲ್ಲಿ ಎರಡು ಹೆಂಟೆ ಎತ್ತಿ ಒಂದು ಮಡಿಯ ಬಾಯಿ ತೆರೆದು ಇನ್ನೊಂದರ ಬಾಯಿ ಮುಚ್ಚುತ್ತಾನೆ. ಒಣಗಿದ ಮಣ್ಣು ನೀರು ಕುಡಿಯುವ ಸದ್ದು ಸಣ್ಣಗೆ ಕೇಳಿಸುತ್ತದೆ. ಬಿರುಕಿನಿಂದ ಇರುವೆ, ಜೀರುಂಡೆ ಹೊರಬೀಳುತ್ತವೆ. ಅವನ್ನು ಹೆಕ್ಕಲು ಬೆಳ್ಳಕ್ಕಿಗಳು ಅವನ ಕಾಲ ಹತ್ತಿರಕ್ಕೇ ಬರುತ್ತವೆ.

1565ರ ಜನವರಿಯಲ್ಲಿ ರಕ್ಕಸತಂಗಡಿಯ ಯುದ್ಧ ನಡೆಯಿತು. ವಿಜಯನಗರವನ್ನು ಆಳುತ್ತಿದ್ದ ರಾಮರಾಯ ಸತ್ತ, ನಗರವನ್ನು ಲೂಟಿ ಮಾಡಿದರು, ಸುಟ್ಟರು. ಅರಸುಮನೆತನ ಪೆನುಗೊಂಡೆಗೆ ಹೋಯಿತು. ನಮ್ಮ ಪಠ್ಯಪುಸ್ತಕದ ಕಥೆ ಇಲ್ಲಿಗೆ ಮುಗಿಯುತ್ತದೆ. ಹಾಳು ಹಂಪೆ ಎಂಬ ಮಾತು ನಮ್ಮ ನಾಲಗೆಯ ಮೇಲೆ ನಿಂತುಬಿಟ್ಟಿದೆ. ಆದರೆ ಅರಮನೆ ಉರಿದ ಮರುವರ್ಷವೂ ಕಾಲುವೆಯಲ್ಲಿ ನೀರು ಬರುತ್ತಿತ್ತು. ಬಾಳೆಗೆ ಯಾರು ಗೆದ್ದರು ಯಾರು ಸೋತರು ಎಂಬುದು ಬೇಕಿರಲಿಲ್ಲ, ಅದಕ್ಕೆ ನೀರು ಬಿಡುವವನು ಬೇಕಿತ್ತು. ಊರಿನ ನೀರಗಂಟಿ ತೂಬು ಕಾದ. ರೈತರು ಬೇಸಿಗೆಯಲ್ಲಿ ಹೂಳೆತ್ತಿದರು. ಮುಂದೆ ಬಿಜಾಪುರದವರು ಬಂದರು, ಮರಾಠರು ಬಂದರು, ಹೈದರ್ ಟಿಪ್ಪು ಬಂದರು, ನಿಜಾಮನ ಆಳ್ವಿಕೆ ಬಂತು. ಕೊಪ್ಪಳ, ಯಲಬುರ್ಗಾ ಸೀಮೆ ಸಾಲಾರ್ ಜಂಗ್ ಮನೆತನದ ಜಹಗೀರಾಯಿತು. ಆನೆಗೊಂದಿ ನಿಜಾಮನ ಅಧೀನದ ಸಂಸ್ಥಾನವಾಗಿ ಉಳಿಯಿತು. ಇಷ್ಟೆಲ್ಲ ದೊರೆಗಳು ಬದಲಾದರೂ ನೀರಿನ ಸರದಿ ತಪ್ಪಲಿಲ್ಲ. ವಿಜಯನಗರದ ಬಹುಭಾಗ ಸ್ಮಾರಕವಾಯಿತು. ತೋಟ ಮಾತ್ರ ಸ್ಮಾರಕವಾಗಲಿಲ್ಲ, ಬದುಕಾಗಿಯೇ ಮುಂದುವರಿಯಿತು.

ಕೆರೆ ಕಾಲುವೆಗಳ ರಕ್ಷಣೆಗೆ ಹಿಂದಿನವರು ಮಾಡಿಕೊಂಡಿದ್ದ ಏರ್ಪಾಟನ್ನೂ ಇಲ್ಲಿ ನೆನೆಯಬೇಕು. ಕೆರೆ ಕಟ್ಟಿಸಿದವನಿಗೆ, ಕಾಲುವೆ ತೋಡಿಸಿದವನಿಗೆ ಅದರ ನೀರಿನಡಿಯ ಭೂಮಿಯಲ್ಲಿ ಒಂದು ಪಾಲನ್ನು ದಶವಂದವಾಗಿ, ಕಟ್ಟುಕೊಡಿಗೆಯಾಗಿ ಬಿಟ್ಟುಕೊಡುವ ಪದ್ಧತಿ ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ನೀರು ನಿಂತರೆ ಅವನ ಪಾಲೂ ಒಣಗುತ್ತದೆ. ಹಾಗಾಗಿ ಕಟ್ಟಿದವನ ಮನೆತನವೇ ತಲೆಮಾರುಗಟ್ಟಲೆ ದುರಸ್ತಿಗೆ ನಿಲ್ಲುತ್ತಿತ್ತು.

ನದಿಯಿಂದ ದೂರವಾದ ಯಲಬುರ್ಗಾ, ಕುಷ್ಟಗಿಗಳ ಕಥೆ ಬೇರೆ. ಅಲ್ಲಿ ಕಪ್ಪು ಎರೆ, ಕೆಂಪು ಮಸಾರಿ, ಜೋಳ ಸಜ್ಜೆಯ ಸೀಮೆ. ತೋಟವೆಂದರೆ ಬಾವಿಯ ತೋಟ. ಕಪಿಲೆ ಹೊಡೆದು ಎತ್ತಿದಷ್ಟೇ ನೀರು. ಆದರೂ ಅಲ್ಲಿಯ ತೋಟದ ಇತಿಹಾಸ ವಿಜಯನಗರಕ್ಕಿಂತ ಹಳೆಯದು. ಕಲ್ಯಾಣ ಚಾಲುಕ್ಯರ ಕಾಲದ ದಾನಶಾಸನಗಳಲ್ಲಿ ದೇವಸ್ಥಾನಕ್ಕೆ ಭೂಮಿ ಬಿಡುವಾಗ ಗದ್ದೆ, ಬೆದ್ದಲೆಗಳ ಜೊತೆಗೆ ಹೂದೋಂಟಕ್ಕೂ ಇಷ್ಟು ಮತ್ತರು ಎಂದು ಬೇರೆಯಾಗಿ ಅಳೆದು ಕೊಟ್ಟಿರುತ್ತಾರೆ. ದೇವರ ಪೂಜೆಗೆ ಹೂವು ದಿನವೂ ಬೇಕು, ಅದು ಊರಲ್ಲೇ ಅರಳಬೇಕು. ಕುಕನೂರಿನ ಹತ್ತಿರದ ಇಟಗಿಯಲ್ಲಿ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ಕಟ್ಟಿಸಿದ, ಶಾಸನವೇ ದೇವಾಲಯ ಚಕ್ರವರ್ತಿ ಎಂದು ಕೊಂಡಾಡಿದ ಗುಡಿಯಿದೆ. ಅದರ ಪಕ್ಕದ ಪುಷ್ಕರಣಿಯ ಮೆಟ್ಟಿಲ ಮೇಲೆ ಕೂತರೆ ಈ ಏರ್ಪಾಟಿನ ಅರ್ಥ ಆಗುತ್ತದೆ: ಗುಡಿ, ಪಕ್ಕದಲ್ಲಿ ನೀರು, ನೀರಿನ ಪಕ್ಕದಲ್ಲಿ ಹೂವು. ಈಗ ಅಲ್ಲಿ ಪುರಾತತ್ವ ಇಲಾಖೆಯ ಹುಲ್ಲುಹಾಸು ಇದೆ. ನೋಡಲು ಅಚ್ಚುಕಟ್ಟು. ಆದರೆ ಒಂದು ಸಾಲು ಮಲ್ಲಿಗೆ, ಒಂದು ಸಾಲು ಕಣಗಿಲೆ ನೆಟ್ಟರೆ ಆ ಗುಡಿಗೆ ಹುಲ್ಲಿಗಿಂತ ಚೆನ್ನಾಗಿ ಒಪ್ಪುತ್ತದೆ.

ಕನಕಗಿರಿಯಲ್ಲಿ ನಾಯಕರು ಕನಕಾಚಲಪತಿಯ ಗುಡಿಯ ಜೊತೆಗೆ ಊರ ಹೊರಗೆ ಒಂದು ಚೆಂದದ ಬಾವಿಯನ್ನೂ ಕಟ್ಟಿಸಿದರು. ವೆಂಕಟಪ್ಪ ನಾಯಕನ ಬಾವಿ ಎಂದೇ ಅದಕ್ಕೆ ಹೆಸರು. ಕಣ್ಣಿದ್ದವರು ಕನಕಗಿರಿ ನೋಡಬೇಕು, ಕಾಲಿದ್ದವರು ಹಂಪೆ ನೋಡಬೇಕು ಎಂಬ ಗಾದೆ ಹೇಳುತ್ತಲೇ ಬಂದ ನಾವು ಆ ಬಾವಿಯತ್ತ ಕಣ್ಣು ಹಾಯಿಸಿದ್ದು ಕಡಿಮೆ.

ಇವತ್ತಿನ ಕುಷ್ಟಗಿ, ಯಲಬುರ್ಗಾ ಸೀಮೆಯ ಒಣಭೂಮಿಯಲ್ಲಿ ದಾಳಿಂಬೆ ಎದ್ದಿದೆ, ಮಾವು ಎದ್ದಿದೆ. ಕೊಳವೆಬಾವಿ, ಹನಿ ನೀರಾವರಿ, ಕೃಷಿಹೊಂಡ ಅವಕ್ಕೆ ಆಸರೆ. ಬೇಸಿಗೆಯಲ್ಲಿ ತೋಟಗಾರಿಕೆ ಇಲಾಖೆ ಕೊಪ್ಪಳದಲ್ಲಿ ಮಾವಿನ ಮೇಳ ನಡೆಸುತ್ತದೆ. ಆ ಮಳಿಗೆಗಳ ಮುಂದೆ ಹಾದರೆ ಕೇಸರ್ ಮಾವಿನ ಪರಿಮಳ ಬೀದಿಯ ಆ ತುದಿಗೇ ಎದುರಾಗುತ್ತದೆ. 2023ರ ಮೇಳದಲ್ಲಿ ಕಿಲೋಗೆ ಲಕ್ಷಗಟ್ಟಲೆ ಬೆಲೆಯದೆಂಬ ಜಪಾನಿನ ಮಿಯಾಜಾಕಿ ಹಣ್ಣನ್ನು ಪ್ರದರ್ಶನಕ್ಕಿಟ್ಟಾಗ ಜನ ಮುಗಿಬಿದ್ದು ನೋಡಿದರು. ಪಾಯಸ್ ಕಂಡ ಬಿಳಿ ದ್ರಾಕ್ಷಿಯ ಕಾಲದಿಂದಲೂ ಈ ಸೀಮೆಗೆ ಹೊರಗಿನ ಹಣ್ಣಿನ ಬಗ್ಗೆ ಕುತೂಹಲ ಇದ್ದದ್ದೇ.

ಹೊಳೆಯ ಕಥೆಗೆ ಮರಳೋಣ. 1945ರ ಫೆಬ್ರುವರಿ 28ರಂದು ತುಂಗಭದ್ರಾ ಅಣೆಕಟ್ಟೆಗೆ ಎರಡೂ ದಡದಲ್ಲಿ ಅಡಿಗಲ್ಲು ಬಿತ್ತು: ಬಲದಂಡೆಯಲ್ಲಿ ಮದ್ರಾಸಿನ ಗವರ್ನರ್ ಆರ್ಥರ್ ಹೋಪ್, ಎಡದಂಡೆಯಲ್ಲಿ ಹೈದರಾಬಾದಿನ ಪರವಾಗಿ ಬೇರಾರಿನ ರಾಜಕುಮಾರ. 1953ರಲ್ಲಿ ಕಾಲುವೆಗೆ ನೀರು ಬಂತು. ಹಳೆಯ ವಲ್ಲಭಾಪುರದ ಅಣೆ ಜಲಾಶಯದಲ್ಲಿ ಮುಳುಗಿತು. ಅದರಿಂದ ಹೊರಡುತ್ತಿದ್ದ ಬಸವಣ್ಣ ಕಾಲುವೆಗೆ ಈಗ ಅಣೆಕಟ್ಟೆಯಿಂದಲೇ ನೀರು. ಹೊಸ ಎಡದಂಡೆ ಕಾಲುವೆ ಗಂಗಾವತಿಯನ್ನು ಭತ್ತದ ಕಣಜ ಮಾಡಿತು. ಕರಾವಳಿ ಆಂಧ್ರದಿಂದ ರೈತರು ಬಂದು ಕ್ಯಾಂಪುಗಳನ್ನು ಕಟ್ಟಿಕೊಂಡರು, ಅಕ್ಕಿ ಗಿರಣಿಗಳು ಎದ್ದವು, ಸೋನಾ ಮಸೂರಿಯ ಹೆಸರು ದೇಶಕ್ಕೆಲ್ಲ ಹಬ್ಬಿತು.

ಸೂಕ್ಷ್ಮವಾಗಿ ನೋಡಿದರೆ ಹೊಸ ಕಾಲುವೆ ಯಾವುದು, ಹಳೆಯ ಕಾಲುವೆ ಯಾವುದು ಎಂದು ಬೆಳೆಯೇ ಹೇಳುತ್ತದೆ. ಹೊಸ ಕಾಲುವೆಯಲ್ಲಿ ನೀರು ಹಂಗಾಮಿಗೆ ಬರುತ್ತದೆ, ಹಂಗಾಮು ಮುಗಿದ ಮೇಲೆ ನಿಲ್ಲುತ್ತದೆ. ಅದಕ್ಕೆ ಭತ್ತವೇ ಸರಿ. ವಿಜಯನಗರ ಕಾಲುವೆಗಳಿಗೆ ವರ್ಷದ ಬಹುಪಾಲು ತಿಂಗಳು ನೀರು ಬಿಡಬೇಕೆಂಬ ಹಕ್ಕು ಹಿಂದಿನಿಂದ ನಡೆದುಬಂದಿದೆ. ಬಾಳೆ, ತೆಂಗು, ಕಬ್ಬು ನಿಲ್ಲಬೇಕಾದರೆ ಬೇಸಿಗೆಯಲ್ಲೂ ಬುಡ ತಂಪಾಗಿರಬೇಕು. ಆನೆಗೊಂದಿಯ ಏಲಕ್ಕಿ ಬಾಳೆ, ಸುಗಂಧಿ ಬಾಳೆಗಳ ಹಿಂದೆ ಇರುವುದು ಈ ಹಕ್ಕು. ಅಂದರೆ ನೂನಿಜ್ ಬರೆದ ತೋಟಗಳ ಸಾಲಿಗೂ ಇವತ್ತಿನ ಬಾಳೆಯ ಸಾಲಿಗೂ ನಡುವೆ ಇರುವ ಕೊಂಡಿ ಬರೀ ನೆನಪಿನದಲ್ಲ, ನೀರಿನ ಹಂಚಿಕೆಯದು.

ಆ ಹಂಚಿಕೆಯ ಮೂಲ ಈಗ ಅಣೆಕಟ್ಟೆ. ಮೊದಲು 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯ ಹೂಳು ತುಂಬಿ ಈಗ ಸುಮಾರು 105 ಟಿಎಂಸಿಗೆ ಇಳಿದಿದೆ. 2024ರ ಆಗಸ್ಟ್ 10ರ ರಾತ್ರಿ 33 ಗೇಟುಗಳ ಪೈಕಿ 19ನೆಯದು ಕೊಚ್ಚಿಹೋದಾಗ ಹೊಳೆಯ ಎರಡೂ ದಂಡೆಯ ಜನ ನಿದ್ದೆಗೆಟ್ಟರು. ಅಣೆಕಟ್ಟೆ ಗೇಟುಗಳ ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಹರಿಯುವ ನೀರಿನಲ್ಲೇ ಉಕ್ಕಿನ ಹಲಗೆಗಳನ್ನು ಇಳಿಸಿ ತಡೆಯುವವರೆಗೂ ಉಸಿರು ಬಿಗಿಹಿಡಿದಿದ್ದರು. ಬಾಳೆ ತೋಟದವನಿಗೆ ಆ ದಿನಗಳಲ್ಲಿ ಎರಡು ಭಯ: ಇವತ್ತು ನೀರು ನುಗ್ಗಿ ಬಂದರೆ ಹೇಗೆ, ಬೇಸಿಗೆಗೆ ನೀರೇ ಇಲ್ಲದಿದ್ದರೆ ಹೇಗೆ.

ಜಗತ್ತಿನ ಬೇರೆ ಕಡೆ ಇಂಥ ತೋಟಗಳನ್ನು ಹೇಗೆ ನೋಡಿಕೊಂಡಿದ್ದಾರೆ ಎಂದು ತಿಳಿಯುವುದು ಒಳ್ಳೆಯದು. ಐತಿಹಾಸಿಕ ಉದ್ಯಾನಗಳ ರಕ್ಷಣೆಗೆ ಇಕೊಮೊಸ್ ಎಂಬ ಅಂತರರಾಷ್ಟ್ರೀಯ ಸ್ಮಾರಕ ಸಂರಕ್ಷಣಾ ಸಂಸ್ಥೆಯ ತಜ್ಞರು 1981ರಲ್ಲಿ ಫ್ಲಾರೆನ್ಸ್ ನಗರದಲ್ಲಿ ಕೂತು ಒಂದು ಸನ್ನದು ಬರೆದರು. ಉದ್ಯಾನವೂ ಸ್ಮಾರಕವೇ, ಆದರೆ ಅದು ಜೀವಂತ ಸ್ಮಾರಕ, ಬೆಳೆಯುವುದೂ ಒಣಗುವುದೂ ಅದರ ಗುಣ ಎಂಬುದು ಅದರ ತಿರುಳು. ಸ್ಪೇನಿನ ಎಲ್ಚೆ ನಗರದಲ್ಲಿ ಅರಬರು ಕಾಲುವೆ ತೋಡಿ ಬೆಳೆಸಿದ ಖರ್ಜೂರದ ತೋಪು 2000ದಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಅದೇ ದೇಶದ ವಲೆನ್ಸಿಯಾದಲ್ಲಿ ಕಾಲುವೆ ರೈತರ ನೀರಿನ ಪಂಚಾಯಿತಿ ಪ್ರತಿ ಗುರುವಾರ ಮಧ್ಯಾಹ್ನ ಹಳೆಯ ಚರ್ಚಿನ ಬಾಗಿಲಲ್ಲಿ ಸೇರುತ್ತದೆ. ವ್ಯಾಜ್ಯವನ್ನು ಬಾಯಿಮಾತಿನಲ್ಲೇ ಕೇಳಿ ಅಲ್ಲಿಯೇ ತೀರ್ಪು ಕೊಡುತ್ತದೆ. 2009ರಲ್ಲಿ ಯುನೆಸ್ಕೊ ಅದನ್ನೂ ಪರಂಪರೆಯೆಂದು ಮನ್ನಿಸಿತು. ಅಲ್ಲಿ ತೋಪಿಗೂ ಮಾನ್ಯತೆ ಸಿಕ್ಕಿತು, ಕಾಲುವೆ ನೀರನ್ನು ಹಂಚಿಕೊಳ್ಳುವ ರೈತರ ಪದ್ಧತಿಗೂ ಸಿಕ್ಕಿತು.

ಹಂಪೆ 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದು ಸ್ಮಾರಕಗಳ ಗುಂಪು ಎಂಬ ಹೆಸರಿನಲ್ಲಿ. ಆನೆಗೊಂದಿಯೂ ಆ ಗಡಿಯೊಳಗಿದೆ. ಆದರೆ ಕಾಪಾಡುವ ಮಾತು ಬಂದಾಗ ಕಣ್ಣಿಗೆ ಬೀಳುವುದು ಕಲ್ಲು. 1999ರಿಂದ 2006ರವರೆಗೆ ಹಂಪೆ ಅಪಾಯದಲ್ಲಿರುವ ತಾಣಗಳ ಪಟ್ಟಿಯಲ್ಲಿತ್ತು. ಅದಕ್ಕೆ ಮುಖ್ಯ ಕಾರಣ ಹೊಸ ಸೇತುವೆಗಳು. 2020ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪಿನ ನಂತರ ವಿರೂಪಾಪುರ ಗಡ್ಡೆಯ ರೆಸಾರ್ಟುಗಳನ್ನು ತೆರವುಗೊಳಿಸಿದರು. ಅದು ಆಗಲೇಬೇಕಿತ್ತು. ಆದರೆ ನೋಟೀಸು, ನಿಷೇಧಗಳಾಚೆಗೆ, ತೋಟ ಬೆಳೆಯುವವನಿಗೆ ‘ನೀನೂ ಪರಂಪರೆಯ ಕಾವಲುಗಾರ’ ಎಂದು ಹೇಳಿದವರು ಕಡಿಮೆ.

ಕಾಲುವೆಗಳ ಆಧುನೀಕರಣಕ್ಕೆ ಏಷ್ಯಾ ಅಭಿವೃದ್ಧಿ ಬ್ಯಾಂಕಿನ ನೆರವಿನಲ್ಲಿ ಈಚಿನ ವರ್ಷಗಳಲ್ಲಿ ದೊಡ್ಡ ಕೆಲಸ ನಡೆದಿದೆ. ತುದಿಯ ಹೊಲಕ್ಕೂ ನೀರು ಮುಟ್ಟಬೇಕೆಂಬ ರೈತನ ಬೇಡಿಕೆ ನ್ಯಾಯವಾದದ್ದು, ಸೋರಿಕೆ ನಿಲ್ಲಲೇಬೇಕು. ಆದರೆ ಐದು ನೂರು ವರ್ಷದ ಕಲ್ಲಿನ ದಡದ ಮೇಲೆ ಕಾಂಕ್ರೀಟು ಸುರಿಯುವ ಮುನ್ನ ಎಲ್ಲಿ ಹಳೆಯ ಕಟ್ಟಡವಿದೆ, ಎಲ್ಲಿ ಬರೀ ಮಣ್ಣಿನ ಏರಿ ಇದೆ ಎಂದು ಗುರುತು ಹಾಕಿಕೊಳ್ಳುವುದು ಕಷ್ಟದ ಕೆಲಸವೇನಲ್ಲ. ಹಳೆಯ ಕಲ್ಲನ್ನು ಹಾಗೇ ಬಿಟ್ಟು ನೀರು ಉಳಿಸುವ ದಾರಿಗಳಿವೆ. ಆ ಎಚ್ಚರ ಇಲ್ಲದೆ ನಡೆದ ದುರಸ್ತಿಯನ್ನು ದುರಸ್ತಿ ಎನ್ನಲಾಗದು.

ತೋಟದ ಮುಂದಿನ ಬದುಕಿಗೆ ಆನೆಗೊಂದಿಯ ಹೆಣ್ಣುಮಕ್ಕಳೂ ಒಂದು ದಾರಿ ಕಂಡುಕೊಂಡಿದ್ದಾರೆ. ಗೊನೆ ಕಡಿದ ಮೇಲೆ ಬಾಳೆಗಿಡ ಕಸ. ಅದರ ದಿಂಡಿನ ಮೇಲಿನ ಪದರಗಳನ್ನು ಬಿಡಿಸಿ, ಬಿಸಿಲಲ್ಲಿ ಒಣಗಿಸಿ, ಹದವಾಗಿ ಸೀಳಿ, ನೀರು ಚಿಮುಕಿಸಿ, ಅಂಗೈಯಲ್ಲಿ ಹೊಸೆದು ಹುರಿ ಮಾಡುತ್ತಾರೆ. ಕಂದು, ಹೊಂಬಣ್ಣ, ಅಲ್ಲಲ್ಲಿ ಕಪ್ಪು ಗೆರೆ: ಬಣ್ಣ ಹಾಕಬೇಕಾಗಿಲ್ಲ, ಬಾಳೆಯೇ ಕೊಡುತ್ತದೆ. ಆ ಹುರಿಯಿಂದ ಕ್ರೋಷಾ ಕಡ್ಡಿಯಲ್ಲಿ ಚೀಲ, ಬುಟ್ಟಿ, ಚಾಪೆ ಹೆಣೆಯುತ್ತಾರೆ. ದಿ ಕಿಷ್ಕಿಂಧಾ ಟ್ರಸ್ಟ್ ಈ ಕಸುಬನ್ನು ಊರಲ್ಲಿ ಬೆಳೆಸಿತು. ಹೊಸ ಚೀಲವನ್ನು ಮೂಗಿನ ಹತ್ತಿರ ಹಿಡಿದರೆ ಒಣಹುಲ್ಲಿನಂಥ ವಾಸನೆ ಬರುತ್ತದೆ; ಮಳೆಗಾಲದ ತೇವಕ್ಕೆ ಅದರಲ್ಲಿ ಮತ್ತೆ ಬಾಳೆಯ ಕಂಪು ಸ್ವಲ್ಪ ಏಳುತ್ತದೆ.

ಹೋಗುವವರಿಗೆ ನವೆಂಬರಿನಿಂದ ಫೆಬ್ರುವರಿ ಒಳ್ಳೆಯ ಕಾಲ. ಅಂಜನಾದ್ರಿಯ 575 ಮೆಟ್ಟಿಲು ಹತ್ತಿ ಮೇಲಿಂದ ನೋಡಿದವರಿಗೆ ಬಂಡೆಗಳ ನಡುವೆ ಹಸಿರು ಪಟ್ಟಿ ಹೊಳೆಯ ಪಕ್ಕದಲ್ಲೇ ಹೋಗುವುದು ಕಾಣುತ್ತದೆ. ಅಲ್ಲಿ ಫೋಟೊ ತೆಗೆದು ವಾಪಸಾಗುವವರೇ ಹೆಚ್ಚು. ಕೆಳಗಿಳಿದು ಒಂದು ಗಂಟೆಯಾದರೂ ಕಾಲುವೆ ಏರಿಯ ಮೇಲೆ ನಡೆಯಬೇಕು. ಈ ಹೊಳೆಯ ಮುದ್ಲಾಪುರದಿಂದ ಕಂಪ್ಲಿಯವರೆಗಿನ 34 ಕಿಲೋಮೀಟರ್ ಉದ್ದ 2015ರಿಂದ ನೀರುನಾಯಿ ಸಂರಕ್ಷಣಾ ಮೀಸಲು. ಬೆಳಗಿನ ಜಾವ ತಾಳ್ಮೆಯಿಂದ ಕೂತರೆ ಬಂಡೆಯ ಮರೆಯಿಂದ ಒಂದು ನುಣುಪು ತಲೆ ಏಳಬಹುದು. ತೋಟ ಖಾಸಗಿ ಜಮೀನು ಎಂಬುದು ನೆನಪಿರಲಿ. ಕೇಳಿ ಒಳಗೆ ಹೋಗಬೇಕು. ಕೇಳಿದರೆ ಈ ಕಡೆಯವರು ಇಲ್ಲ ಅನ್ನುವುದಿಲ್ಲ. ‘ಬರ್ರಿ, ಕೂಡ್ರಿ’ ಎಂದು ಬದುವಿನ ಮೇಲೆ ಜಾಗ ಮಾಡಿ, ಗಿಡದಲ್ಲೇ ಹಣ್ಣಾದ ಎರಡು ಬಾಳೆಹಣ್ಣು ಮುರಿದು ಕೈಗಿಡುತ್ತಾರೆ. ಸಿಪ್ಪೆ ಪಾತಿಗೆ ಹಾಕಬಹುದು. ಬಾಟಲಿ, ಪ್ಲಾಸ್ಟಿಕ್ ಕಾಲುವೆಗೆ ಎಸೆಯಬಾರದು, ಅದು ಮುಂದಿನ ತೂಬಿಗೆ ಸಿಕ್ಕಿ ಯಾರದೋ ತೋಟ ಒಣಗುತ್ತದೆ.

ಜಿಲ್ಲಾಡಳಿತಕ್ಕೆ, ಹಂಪೆ ಪ್ರಾಧಿಕಾರಕ್ಕೆ ಒಂದು ಕೋರಿಕೆ. ಹುಲಿಗಿ, ಶಿವಪುರ, ಆನೆಗೊಂದಿ, ಗಂಗಾವತಿ ಕಾಲುವೆಗಳ ಬಾಯಲ್ಲಿ, ಅಣೆಗಳ ದಡದಲ್ಲಿ ಒಂದೊಂದು ಫಲಕ ನಿಲ್ಲಿಸಿ. ಕಾಲುವೆಯ ಹೆಸರು, ಅದರ ಕಾಲ, ಅದು ಯಾವ ಯಾವ ಊರಿಗೆ ನೀರು ಕೊಡುತ್ತದೆ ಎಂಬಿಷ್ಟು ಕನ್ನಡದಲ್ಲಿ ಬರೆಸಿ. ಶಾಲೆಯ ಮಕ್ಕಳನ್ನು ವರ್ಷಕ್ಕೊಮ್ಮೆ ಕಲ್ಲಿನ ರಥದ ಜೊತೆಗೆ ಈ ಅಣೆಗೂ ಕರೆದುಕೊಂಡು ಬನ್ನಿ. ಹಳೆಯ ಕಲ್ಲನ್ನು ಮುಟ್ಟುವ ಯಾವ ಕಾಮಗಾರಿಗೂ ಮುಂಚೆ ಆ ನೀರಿನ ರೈತರನ್ನೂ ಪುರಾತತ್ವ ತಜ್ಞರನ್ನೂ ಒಂದೇ ಕಡೆ ಕೂರಿಸಿ ಮಾತಾಡಿ.